ನ್ಯೂರ್‌ಬುರ್ಗ್‌ರಿಂಗ್: ಇದು ರೇಸ್ ಟ್ರ್ಯಾಕಾ, ಘಾಟ್ ರಸ್ತೆನಾ?

ಕೊನೇಗೇರ್:
ಎಲ್ರಿಗೂ ನಮಸ್ಕಾರ. ಒಂದು ಡೌಟು ತುಂಬಾ ದಿನದಿಂದ ತಲೆ ತಿಂತಿದೆ. ಯಾವ ಹೊಸ ಫಾಸ್ಟ್ ಕಾರ್ ಬಂದ್ರೂ ಕಂಪನಿಯೋರು ಮೊದ್ಲು ಹೇಳೋದು ಒಂದೇ, ನ್ಯೂರ್‌ಬುರ್ಗ್‌ರಿಂಗಲ್ಲಿ ಇಷ್ಟು ನಿಮಿಷ ಇಷ್ಟು ಸೆಕೆಂಡಲ್ಲಿ ಸುತ್ತು ಹೊಡೆದ್ವಿ ಅಂತ. ಆದ್ರೆ 2020ರಲ್ಲಿ ಅಲ್ಲೇ ಒಂದು ಫಾರ್ಮುಲಾ ಒನ್ ರೇಸ್ ನೋಡಿದ್ದೆ, ಹ್ಯಾಮಿಲ್ಟನ್ ಗೆದ್ದು ಶೂಮಾಕರ್‌ದು 91 ಗೆಲುವಿನ ರೆಕಾರ್ಡ್ ಸರಿಗಟ್ಟಿದ್ರಲ್ಲ ಅದು, ಅಲ್ಲಿ ಒಂದು ಲ್ಯಾಪ್ ಒಂದೂವರೆ ನಿಮಿಷನೂ ಇರ್ಲಿಲ್ಲ. ಹಂಗಾದ್ರೆ ಈ ಆರೂವರೆ ಏಳು ನಿಮಿಷದ ಲೆಕ್ಕ ಎಲ್ಲಿಂದ ಬಂತು? ಮತ್ತೆ ಜನ ಯಾಕೆ ಅದಕ್ಕೆ ಇಷ್ಟೊಂದು ಸಾಯ್ತಾರೆ, ಪ್ರಪಂಚದಲ್ಲಿ ಬೇರೆ ಟ್ರ್ಯಾಕೇ ಇಲ್ವಾ?

ಹಳೇಕಾರ್ಬುರೇಟರ್:
ಗುರು, ಅಲ್ಲಿರೋದು ಎರಡು ಟ್ರ್ಯಾಕು, ನಿನ್ನ ಗೊಂದಲ ಅಷ್ಟೇ. ನೀನು ನೋಡಿದ್ದು 1984ರಲ್ಲಿ ಓಪನ್ ಆದ ಹೊಸ ಗ್ರಾನ್ ಪ್ರಿ ಸರ್ಕ್ಯೂಟು, ಐದು ಕಿಲೋಮೀಟರ್ ಚಿಲ್ಲರೆ. ಕಂಪನಿಗಳು ಬಡಾಯಿ ಕೊಚ್ಕೊಳ್ಳೋದು ಅದಕ್ಕೆ ಅಂಟ್ಕೊಂಡೇ ಇರೋ ಹಳೇ ನಾರ್ಡ್‌ಶ್ಲೈಫೆದು, ಅಂದ್ರೆ ಉತ್ತರದ ಸುತ್ತು. ಇವತ್ತಿನ ಉದ್ದ 20.832 ಕಿಲೋಮೀಟರ್. ತಿರುವು ಅಧಿಕೃತವಾಗಿ 73 ಅಂತಾರೆ, ಒಬ್ಬೊಬ್ಬರು ಒಂದೊಂದು ತರ ಎಣಿಸ್ತಾರೆ, ಯಾಕಂದ್ರೆ ಎಲ್ಲಿ ಒಂದು ತಿರುವು ಮುಗಿದು ಇನ್ನೊಂದು ಶುರುವಾಯ್ತು ಅಂತ ಹೇಳೋದೇ ಕಷ್ಟ.

ಇದು ಹುಟ್ಟಿದ್ದು ಹೇಗೆ ಅಂತ ಗೊತ್ತಾದ್ರೆ ಯಾಕೆ ಹಿಂಗಿದೆ ಅನ್ನೋದೂ ಅರ್ಥ ಆಗುತ್ತೆ. ಜರ್ಮನಿಯ ಪಶ್ಚಿಮದಲ್ಲಿ ಐಫೆಲ್ ಅಂತ ಗುಡ್ಡಗಾಡು ಇದೆ (ಪ್ಯಾರಿಸ್ ಟವರ್ ಕಟ್ಟಿದ ಐಫೆಲ್ ಮನೆತನಕ್ಕೆ ಹೆಸರು ಬಂದಿದ್ದೂ ಈ ಸೀಮೆಯಿಂದಾನೇ, ಅದು ಬೇರೆ ಕತೆ). ಬಡ ಪ್ರದೇಶ, ಮೊದಲ ಮಹಾಯುದ್ಧ ಮುಗಿದ ಮೇಲೆ ಕೆಲಸ ಇಲ್ಲ ಕಾರ್ಯ ಇಲ್ಲ. 1922ರಿಂದ ಅಲ್ಲಿನ ಸಾರ್ವಜನಿಕ ರಸ್ತೆಗಳಲ್ಲೇ ರೇಸ್ ಮಾಡ್ತಿದ್ರು. ಅಡೆನೌ ಜಿಲ್ಲೆಯ ಆಡಳಿತಾಧಿಕಾರಿ ಓಟ್ಟೋ ಕ್ರೊಯ್ಟ್ಸ್, ರಸ್ತೆ ಬಿಟ್ಟು ರೇಸಿಗೇ ಅಂತ ಒಂದು ದಾರಿ ಮಾಡೋಣ, ಊರೋರಿಗೆ ಕೂಲಿನೂ ಸಿಗುತ್ತೆ ಅಂತ ಹಿಡ್ಕೊಂಡ್ರು. 1925ರ ಸೆಪ್ಟೆಂಬರಲ್ಲಿ ಶಂಕುಸ್ಥಾಪನೆ, ಎರಡೇ ವರ್ಷದೊಳಗೆ ರೆಡಿ. ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗ್ಲಿ ಅಂತ ಕೆರೆ ತೋಡಿಸ್ತಿದ್ರಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ.

ಸಾವಿರಾರು ಜನ ಕೆಲಸ ಮಾಡಿದ್ದಾರೆ ನಿಜ, ಆದ್ರೆ ಇವತ್ತಿನ ತರ ಗುಡ್ಡವನ್ನೇ ಎತ್ತಿ ಪಕ್ಕಕ್ಕಿಡೋ ಯಂತ್ರ ಆಗ ಎಲ್ಲಿತ್ತು? ನೆಲ ಹೇಗಿದ್ಯೋ ಹಾಗೇ ಹೋಯ್ತು ದಾರಿ. ಗುಡ್ಡ ಏರಿದ್ರೆ ಏರ್ತು, ಕಣಿವೆಗೆ ಇಳಿದ್ರೆ ಇಳೀತು, ಮಧ್ಯದಲ್ಲಿ ನ್ಯೂರ್‌ಬುರ್ಗ್ ಹಳ್ಳಿ, ಅದರ ಹಳೇ ಕೋಟೆ, ಅವನ್ನೆಲ್ಲ ಬಳಸ್ಕೊಂಡು ಸುತ್ತು. ಮೇಲಿಂದ ಕೆಳಗೆ ಹೆಚ್ಚುಕಮ್ಮಿ 300 ಮೀಟರ್ ವ್ಯತ್ಯಾಸ. ಅದಕ್ಕೇ ನಾನು ಇದನ್ನ ಟ್ರ್ಯಾಕ್ ಅನ್ನಲ್ಲ. ಒನ್‌ವೇ ಮಾಡಿದ ಘಾಟ್ ರಸ್ತೆ.

1927ರ ಜೂನ್ 18ಕ್ಕೆ ಬೈಕ್ ರೇಸಿಂದ ಶುರು, ಮಾರನೇ ದಿನ ಕಾರ್ ರೇಸು, ಗೆದ್ದಿದ್ದು ಮರ್ಸಿಡಿಸಲ್ಲಿ ರುಡಾಲ್ಫ್ ಕರಾಚಿಯೋಲಾ. ಆಗ ದಕ್ಷಿಣದ ಸುತ್ತು ಬೇರೆ ಇತ್ತು, ಎರಡೂ ಸೇರಿದ್ರೆ 28 ಕಿಲೋಮೀಟರ್ ದಾಟ್ತಿತ್ತು. ದಕ್ಷಿಣದ್ದು ಈಗ ರೇಸಿಗಿಲ್ಲ.

ಸಿಮ್‌ಪುರಾಣ:
ಮೇಲಿನ ಅಣ್ಣ ಹೇಳಿದ್ದಕ್ಕೆ ನೂರಕ್ಕೆ ನೂರು ಮಾರ್ಕು. ನಾನು ಸ್ಟೀರಿಂಗ್ ಸೆಟಪ್ ಇಟ್ಕೊಂಡು ಸಿಮ್ಯುಲೇಟರಲ್ಲಿ ಓಡಿಸೋನು, ಬೇರೆ ಯಾವ ಟ್ರ್ಯಾಕ್ ಆದ್ರೂ ಒಂದು ಸಂಜೆಲಿ ಕೈಗೆ ಬರುತ್ತೆ, ಇದು ನಾಲ್ಕು ತಿಂಗಳಾದ್ರೂ ಇನ್ನೂ ಪೂರ್ತಿ ಬಂದಿಲ್ಲ. ಮುಂದೆ ಏನಿದೆ ಅಂತ ಕಾಣ್ಸಲ್ಲ ಅದೇ ಪ್ರಾಬ್ಲಮ್ಮು. ಏರು ಹತ್ತಿ ತುದಿಗೆ ಬಂದಾಗ ಆಕಾಶ ಬಿಟ್ರೆ ಏನೂ ಕಾಣ್ಸಲ್ಲ, ರಸ್ತೆ ಎಡಕ್ಕೆ ಹೋಗುತ್ತೋ ಬಲಕ್ಕೋ ಅನ್ನೋದು ನೆನಪಲ್ಲಿರಬೇಕು, ನೆನಪು ತಪ್ಪಿದ್ರೆ ಮುಗೀತು ಕತೆ.

ಹೆಸರುಗಳೇ ಚೆಂದ. ಫ್ಲೂಗ್‌ಪ್ಲಾಟ್ಸ್ ಅಂದ್ರೆ ವಿಮಾನ ಇಳಿಯೋ ಜಾಗ, ಅಲ್ಲಿ ದಿಬ್ಬದ ಮೇಲೆ ಕಾರು ಹಗುರ ಆಗಿ ನೆಲ ಬಿಡೋಕೆ ನೋಡುತ್ತೆ, ಅದಕ್ಕೇ ಆ ಹೆಸರು ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ಪಕ್ಕದಲ್ಲಿ ಹಿಂದೆ ಗ್ಲೈಡರ್ ಹಾರಿಸೋ ಮೈದಾನ ಇತ್ತಂತೆ. ಫುಕ್ಸ್‌ರೋರೆ ಅಂದ್ರೆ ನರಿ ಹೊಕ್ಕ ಪೈಪು. ಬೆರ್ಗ್‌ವೆರ್ಕ್ ಅಂದ್ರೆ ಗಣಿ. ಗಾಲ್ಗೆನ್‌ಕೊಪ್ಫ್ ಅಂದ್ರೆ ನೇಣುಗಂಬದ ಗುಡ್ಡ. ಶ್ವಾಲ್ಬೆನ್‌ಶ್ವಾನ್ಸ್ ಅಂದ್ರೆ ಕವಲುತೋಕೆ ಹಕ್ಕಿಯ ಬಾಲ. ಈಗಿನ ಹೊಸ ಟ್ರ್ಯಾಕುಗಳಲ್ಲಿ ಟರ್ನ್ 1 ಟರ್ನ್ 2 ಅಂತ ನಂಬರು, ಇಲ್ಲ ಯಾವುದೋ ಬ್ಯಾಂಕಿನ ಹೆಸರು.

ಆಮೇಲೆ ಕರುಸೆಲ್. ಗುಂಡಗಿನ ಹೇರ್‌ಪಿನ್ನು, ಒಳಗಡೆ ಕಾಂಕ್ರೀಟಿನ ಇಳಿಜಾರು ಚರಂಡಿ ತರ. ಚಕ್ರಾನ ಅದರೊಳಗೆ ಇಳಿಸಿದ್ರೆ ಕಾರು ಹಳಿ ಮೇಲೆ ಹೋದಂಗೆ ತಿರುಗುತ್ತೆ, ಹಲ್ಲೆಲ್ಲ ಕಟಕಟ ಅನ್ನುತ್ತೆ. ಅದಕ್ಕೆ ಕರಾಚಿಯೋಲಾ ಹೆಸರೇ ಇಟ್ಟಿದ್ದಾರೆ.

ಹೊಸಬರಿಗೆ ಒಂದು ಮಾತು. ಫುಕ್ಸ್‌ರೋರೆ ಇಳಿದು ಫುಲ್ ಸ್ಪೀಡಲ್ಲಿ ಮೇಲೆ ಹತ್ತಿದ ತಕ್ಷಣ ಅಡೆನೌವರ್ ಫೋರ್ಸ್ಟ್ ಬರುತ್ತೆ, ನೇರ ಇದೆ ಅಂತ ಅನ್ಸುತ್ತೆ, ಇರಲ್ಲ. ಎಡಕ್ಕೊಂದು ಬಲಕ್ಕೊಂದು ಗಕ್ಕನೆ. ಅಲ್ಲಿ ಜನ ಕ್ಯಾಮೆರಾ ಹಿಡ್ಕೊಂಡು ಕಾಯ್ತಾ ಕೂತಿರ್ತಾರೆ, ಯಾರು ಹುಲ್ಲಿಗೆ ಹೋಗ್ತಾರೆ ಅಂತ.

ಬ್ರೇಕ್‌ಪಾಯಿಂಟ್:
ಎಲ್ಲ ಸರಿ ಮಾರಾಯ್ರೆ, ಆದ್ರೆ ಈ ರೊಮ್ಯಾನ್ಸ್ ನಂಗೆ ಹಿಡ್ಸಲ್ಲ. ಎಷ್ಟು ಜನ ಸತ್ತಿದ್ದಾರೆ ಅಲ್ಲಿ. 1954ರಲ್ಲಿ ಡ್ರೈವರ್ ಮರಿಮೋನ್ ಪ್ರಾಕ್ಟೀಸಲ್ಲಿ ಹೋದ್ರು, 1958ರಲ್ಲಿ ಪೀಟರ್ ಕಾಲಿನ್ಸ್ ಪ್ಫ್ಲಾನ್ಸ್‌ಗಾರ್ಟೆನ್ ಅನ್ನೋ ಭಾಗದ ಹತ್ರ. 2015ರಲ್ಲೂ ಒಂದು ಜಿಟಿ ಕಾರು ಅದೇ ಫ್ಲೂಗ್‌ಪ್ಲಾಟ್ಸಲ್ಲಿ ಗಾಳಿಗೆ ಎದ್ದು ಬೇಲಿ ದಾಟಿ ಪ್ರೇಕ್ಷಕರ ಮಧ್ಯ ಬಿದ್ದು ಒಬ್ರು ತೀರ್ಕೊಂಡ್ರು. ಘಾಟ್ ರಸ್ತೆ ಅಂತ ನೀವೇ ಅಂತೀರಿ, ಘಾಟ್ ರಸ್ತೆಲಿ ರೇಸ್ ಮಾಡ್ಬೇಡ್ರಪ್ಪ ಅಂತ ಮನೇಲಿ ಬೈಯಲ್ವಾ? ಬೆಲ್ಜಿಯಂನ ಸ್ಪಾ ಟ್ರ್ಯಾಕ್ ನೋಡಿ, ಅದೂ ಹಳೇ ರಸ್ತೆ ಟ್ರ್ಯಾಕೇ, ಕತ್ತರಿಸಿ ಏಳು ಕಿಲೋಮೀಟರಿಗೆ ತಂದು ಇವತ್ತಿಗೂ ಫಾರ್ಮುಲಾ ಒನ್ ನಡೆಸ್ತಿದ್ದಾರೆ. ಇದು ಮ್ಯೂಸಿಯಂ ಪೀಸು.

ಹಳೇಕಾರ್ಬುರೇಟರ್:
ಸಾವಿನ ವಿಷಯ ನಾನು ಅಲ್ಲಗಳೆಯಲ್ಲ. ಆದ್ರೆ ಮ್ಯೂಸಿಯಂ ಪೀಸು ಅನ್ನೋಕೆ ಮುಂಚೆ 1957 ಒಂದು ಕೇಳಿ.

ಅರ್ಜೆಂಟೀನಾದ ಡ್ರೈವರ್ ಫ್ಯಾಂಜಿಯೋ, 46 ವರ್ಷ ವಯಸ್ಸು, ಮಸೆರಾಟಿ 250ಎಫ್. ಎದುರಿಗೆ ಫೆರಾರಿಲಿ ಹಾಥಾರ್ನ್ ಮತ್ತೆ ಕಾಲಿನ್ಸ್, ಇಬ್ರೂ ಹುಡುಗ್ರು. ಫೆರಾರಿಯೋರು ಟ್ಯಾಂಕ್ ತುಂಬಿಸ್ಕೊಂಡು ನಿಲ್ಲದೇ ಓಡೋ ಪ್ಲಾನು, ಫ್ಯಾಂಜಿಯೋ ಅರ್ಧ ಟ್ಯಾಂಕಲ್ಲಿ ಹಗುರಾಗಿ ಹೊರಟು ಲೀಡ್ ತಗೊಂಡು ಮಧ್ಯ ಒಂದ್ಸಲ ನಿಂತು ಟೈರ್ ಬದಲಾಯಿಸೋ ಪ್ಲಾನು. 12ನೇ ಲ್ಯಾಪಲ್ಲಿ ನಿಂತ್ರು, ಅಲ್ಲಿ ಪಿಟ್ಟಿನೋರು ಎಡವಟ್ಟು ಮಾಡ್ಕೊಂಡು ಲೇಟ್ ಆಯ್ತು, ಹೊರಗೆ ಬರೋ ಹೊತ್ತಿಗೆ ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಹಿಂದೆ. ಉಳಿದಿರೋದು ಹತ್ತೇ ಲ್ಯಾಪು. ಬೇರೆ ಯಾರಾದ್ರೂ ಆಗಿದ್ರೆ ಮೂರನೇ ಸ್ಥಾನ ಸಾಕು ಅಂತಿದ್ರು. ಈ ಮನುಷ್ಯ ಒಂದೊಂದು ಲ್ಯಾಪಲ್ಲೂ ರೆಕಾರ್ಡ್ ಮುರೀತಾ ಹೋದ್ರು. ಹಿಂದಿನ ವರ್ಷ ತಾವೇ ಮಾಡಿದ್ದ ಲ್ಯಾಪ್ ರೆಕಾರ್ಡ್ 9 ನಿಮಿಷ 41.6, ಆವತ್ತು ಅದನ್ನ 9:17.4ಕ್ಕೆ ತಂದ್ರು, ತಮ್ಮದೇ ಪೋಲ್ ಟೈಮಿಗಿಂತಾನೂ (ಕ್ವಾಲಿಫೈಯಿಂಗ್, ಅಂದ್ರೆ ರೇಸಿಗೆ ಮುಂಚೆ ಸ್ಥಾನ ನಿರ್ಧರಿಸೋ ಓಟದ ಟೈಮು) ಎಂಟು ಸೆಕೆಂಡ್ ಕಮ್ಮಿ. ಕೊನೆಯಿಂದ ಎರಡನೇ ಲ್ಯಾಪಲ್ಲಿ ಇಬ್ರನ್ನೂ ದಾಟಿದ್ರು, 3.6 ಸೆಕೆಂಡಲ್ಲಿ ಗೆದ್ರು, ಐದನೇ ಚಾಂಪಿಯನ್‌ಶಿಪ್ ಅಲ್ಲೇ ಖಾತ್ರಿ. ಅದೇ ಅವರ ಕೊನೇ ಗ್ರಾನ್ ಪ್ರಿ ಗೆಲುವು.

ಇದು ಐದು ಕಿಲೋಮೀಟರ್ ಟ್ರ್ಯಾಕಲ್ಲಿ ಆಗೋ ಕೆಲಸ ಅಲ್ಲ ಬ್ರೇಕ್‌ಪಾಯಿಂಟ್ ಅವ್ರೇ. ಒಂದೇ ಲ್ಯಾಪಲ್ಲಿ ಹತ್ತಿಪ್ಪತ್ತು ಸೆಕೆಂಡ್ ಬಾಚ್ಕೊಳ್ಳೋಕೆ ಜಾಗ ಬೇಕಲ್ಲ, ಆ ಜಾಗ ಇಲ್ಲಿ ಮಾತ್ರ ಇತ್ತು. ಕಾರಿಗಿಂತ ಮನುಷ್ಯನ ಕೈಯಲ್ಲಿ ಹೆಚ್ಚು ಇದ್ದ ಟ್ರ್ಯಾಕು.

ಮಳೆಟೈರ್:
ಅದೇ ಮಾತಿಗೆ 1935 ಸೇರಿಸ್ತೀನಿ. ಜರ್ಮನ್ ಗ್ರಾನ್ ಪ್ರಿ, ನಾಜಿ ಸರ್ಕಾರ ದುಡ್ಡು ಸುರಿದು ಬೆಳೆಸಿದ ಮರ್ಸಿಡಿಸ್, ಆಟೋ ಯೂನಿಯನ್ ಎರಡೂ ಸೇರಿ ಒಂಬತ್ತು ಬೆಳ್ಳಿ ಬಣ್ಣದ ಕಾರು. ಎದುರಿಗೆ ಇಟಲಿಯ ಡ್ರೈವರ್ ನುವೊಲಾರಿ, ಆಗಲೇ ಹಳತಾಗಿದ್ದ ಆಲ್ಫಾ ರೋಮಿಯೋ ಪಿ3. ಪಿಟ್‌ಸ್ಟಾಪಲ್ಲಿ ಪೆಟ್ರೋಲ್ ಹಾಕೋ ಪಂಪೇ ಕೆಟ್ಟು ಡಬ್ಬದಲ್ಲಿ ಸುರಿಬೇಕಾಯ್ತು, ಎರಡು ನಿಮಿಷದ ಮೇಲೆ ಹೋಯ್ತು. ಆಮೇಲೆ ಒಬ್ಬೊಬ್ಬರನ್ನೇ ದಾಟ್ಕೊಂಡು ಬಂದು ಕೊನೇ ಲ್ಯಾಪಲ್ಲಿ ಮುಂದಿದ್ದ ಫಾನ್ ಬ್ರೌಖಿಚ್ ಟೈರು ಒಡೀತು, ನುವೊಲಾರಿ ಗೆದ್ರು. ಲಕ್ಕು ಅನ್ನೋರು ಅನ್ನಲಿ. ಹಿಂದೆಯಿಂದ ನುವೊಲಾರಿ ಅಟ್ಟಿಸ್ಕೊಂಡು ಬರ್ತಿರ್ಲಿಲ್ಲ ಅಂದಿದ್ರೆ ಆ ಟೈರನ್ನ ಹಂಗೆ ತೇಯಿಸ್ತಿದ್ರಾ?

ಇನ್ನೊಂದು, ಆ ಬೆಳ್ಳಿ ಬಣ್ಣ ಬಂದಿದ್ದೂ ಇಲ್ಲೇ ಅಲ್ವಾ, 1934ರ ಐಫೆಲ್ ರೇಸಿಗೆ ಮುಂಚೆ ಮರ್ಸಿಡಿಸ್ ಒಂದು ಕೇಜಿ ಜಾಸ್ತಿ ತೂಗ್ತು, ರಾತ್ರಿ ಕೂತು ಬಿಳಿ ಪೇಂಟ್ ಕೆರೆದ್ರು ಅಂತ.

ಹಳೇಕಾರ್ಬುರೇಟರ್:
ಅದು ಚೆನ್ನಾಗಿರೋ ಕತೆ, ಆದ್ರೆ ಕತೆನೇ ಇರ್ಬೇಕು. 1932ರಲ್ಲೇ ಬರ್ಲಿನ್ನಿನ ಆವುಸ್ ಟ್ರ್ಯಾಕಲ್ಲಿ ಇದೇ ಬ್ರೌಖಿಚ್ ಪೇಂಟಿಲ್ಲದ ಬೆಳ್ಳಿ ಮರ್ಸಿಡಿಸ್ ಓಡಿಸಿ ಗೆದ್ದಿದ್ರು. ಇತಿಹಾಸ ಬರೆಯೋರಲ್ಲಿ ಬಹಳ ಜನ ಈ ಪೇಂಟ್ ಕೆರೆದ ಕತೆ ನಂಬಲ್ಲ. ತಂಡದ ಮ್ಯಾನೇಜರ್ ನಾಯ್‌ಬಾವರ್ ಕತೆ ಹೇಳೋದ್ರಲ್ಲಿ ಎತ್ತಿದ ಕೈ, ಅದೂ ನೆನಪಿರ್ಲಿ.

ಮಳೆಟೈರ್:
ಛೆ, ನನ್ನ ಬಾಲ್ಯ ಹಾಳ್ಮಾಡಿದ್ರಿ ಸಾರ್.

ಬ್ರೇಕ್‌ಪಾಯಿಂಟ್:
ನೀವಿಬ್ರೂ ಗೆದ್ದೋರ ಕತೆ ಹೇಳ್ತಿದೀರಿ. ಜಾಕಿ ಸ್ಟೀವರ್ಟ್ ಕತೆ ಯಾಕೆ ಹೇಳಲ್ಲ? 1968, ಮಳೆ, ಮಂಜು, ಮುಂದಿರೋ ಕಾರೇ ಕಾಣದ ಪರಿಸ್ಥಿತಿ, ಮಣಿಕಟ್ಟಿಗೆ ಪೆಟ್ಟಾಗಿ ಪಟ್ಟಿ ಕಟ್ಕೊಂಡು ಓಡಿಸಿ ಎರಡನೆಯವರಿಗಿಂತ ನಾಲ್ಕು ನಿಮಿಷ ಮುಂದೆ ಬಂದು ಗೆದ್ರು. ಸೆಕೆಂಡ್ ಅಲ್ಲ, ನಿಮಿಷ! ಆ ಮನುಷ್ಯನೇ ಈ ಜಾಗಕ್ಕೆ ಹಸಿರು ನರಕ ಅಂತ ಹೆಸರಿಟ್ಟಿದ್ದು. ಈಗ ಅದನ್ನ ಟೀ ಶರ್ಟ್ ಮೇಲೆ ಪ್ರಿಂಟ್ ಹಾಕಿ ಮಾರ್ತಾರೆ, ಅವರು ಹೊಗಳಿದ್ದು ಅಂತ ಅಂದ್ಕೊಂಡಿದ್ದಾರೆ ಅನ್ಸುತ್ತೆ. ಅಷ್ಟು ದೊಡ್ಡ ಗೆಲುವು ಗೆದ್ದೋರೇ ಮುಂದೆ ನಿಂತು ಸುರಕ್ಷತೆಗೆ ಹೋರಾಡಿದ್ರು, 1970ರಲ್ಲಿ ಡ್ರೈವರ್‌ಗಳೆಲ್ಲ ಒಟ್ಟಾಗಿ ಬರಲ್ಲ ಅಂದ್ರು, ರೇಸು ಹಾಕನ್‌ಹೈಮ್ ಟ್ರ್ಯಾಕಿಗೆ ಹೋಯ್ತು. ಆಮೇಲೆ ಉಬ್ಬು ತೆಗೆದು ಪಕ್ಕದಲ್ಲಿ ಕಬ್ಬಿಣದ ಬೇಲಿ ಹಾಕಿದ ಮೇಲೆ 1971ಕ್ಕೆ ವಾಪಸ್ ಬಂದ್ರು. ಅದೂ ಸಾಕಾಗ್ಲಿಲ್ಲ, 1976ರಲ್ಲಿ ಡ್ರೈವರ್ ಲೌಡಾ ಬೆಂಕಿಲಿ ಸಿಕ್ಕಿ ಸುಟ್ಟು ಗಾಯಗೊಂಡ್ರು, ಅಲ್ಲಿಗೆ ಫಾರ್ಮುಲಾ ಒನ್ ನಿಲ್ಲಿಸಿದ್ರು.

ಹಳೇಕಾರ್ಬುರೇಟರ್:
ಸ್ಟೀವರ್ಟ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಆದ್ರೆ ಕೊನೇದೊಂದು ತಿದ್ದುಪಡಿ. ಲೌಡಾ ಅಪಘಾತದಿಂದಾನೇ ಫಾರ್ಮುಲಾ ಒನ್ ಹೋಯ್ತು ಅಂತ ಎಲ್ರೂ ಬರೀತಾರೆ, ಪೂರ್ತಿ ಹಂಗಲ್ಲ. ಆ ವರ್ಷದ ರೇಸೇ ಹಳೇ ರಿಂಗಲ್ಲಿ ಕೊನೇದು ಅನ್ನೋ ಮಾತು ಮೊದ್ಲೇ ಇತ್ತು. ಸುಮ್ನೆ ಲೆಕ್ಕ ಹಾಕಿ, ಆಗ ಸುತ್ತು 22.8 ಕಿಲೋಮೀಟರ್, ಅಷ್ಟುದ್ದಕ್ಕೂ ಬೆಂಕಿ ಆರ್ಸೋರು ಆಂಬುಲೆನ್ಸು ಮಾರ್ಷಲ್ಲು ನಿಲ್ಲಿಸ್ಬೇಕು, ಟಿವಿ ಕ್ಯಾಮೆರಾ ಬೇರೆ, ಯಾರು ಕೊಡ್ತಾರೆ ದುಡ್ಡು? ಲೌಡಾನೇ ರೇಸಿಗೆ ಮುಂಚೆ ಇಲ್ಲಿ ಓಡಿಸೋದು ಬೇಡ ಅಂದಿದ್ರು, ಡ್ರೈವರ್‌ಗಳು ವೋಟ್ ಹಾಕಿದಾಗ ಅವರ ಮಾತು ಬಿತ್ತು. ಹೆದ್ರಿಕೆಯಿಂದ ಅಂದಿದ್ದಲ್ಲ ಸ್ವಾಮಿ, ಹಿಂದಿನ ವರ್ಷ ಕ್ವಾಲಿಫೈಯಿಂಗಲ್ಲಿ 6:58.6 ಮಾಡಿ ಏಳು ನಿಮಿಷದೊಳಗೆ ಬಂದ ಮೊದಲಿಗರೇ ಅವರು, ಸರಾಸರಿ 196 ಕಿಲೋಮೀಟರ್ ಸ್ಪೀಡು. ಇಲ್ಲಿ ಅತಿ ವೇಗವಾಗಿ ಓಡಿಸಿದವರೇ ಬೇಡ ಅಂದ್ರು, ಅದು ಯೋಚಿಸ್ಬೇಕಾದ ಮಾತು.

ಎರಡನೇ ಲ್ಯಾಪಲ್ಲಿ ಬೆರ್ಗ್‌ವೆರ್ಕಿಗೆ ಮುಂಚೆ ಕಾರು ತಪ್ಪಿ ಬದಿಗೆ ಹೊಡೆದು ವಾಪಸ್ ರಸ್ತೆಗೆ ಬಂದು ಬೆಂಕಿ ಹತ್ಕೊಳ್ತು. ಎಳೆದು ಹೊರಗೆ ತೆಗೆದಿದ್ದು ಜೊತೆಗಾರ ಡ್ರೈವರ್‌ಗಳೇ, ಮೆರ್ಜಾರಿಯೋ, ಲುಂಗರ್, ಎಡ್ವರ್ಡ್ಸ್, ಎರ್ಟ್ಲ್. ಬೆಂಕಿ ಆರ್ಸೋ ಗಾಡಿ ಬರೋ ತನಕ ಕಾದಿದ್ರೆ ಏನಾಗ್ತಿತ್ತು ಹೇಳೋದು ಬೇಡ. ಆರು ವಾರಕ್ಕೆ ಆ ಮನುಷ್ಯ ಇಟಲಿಯ ಮೋಂಜಾ ರೇಸಲ್ಲಿ ಬ್ಯಾಂಡೇಜ್ ಮೇಲೇ ಹೆಲ್ಮೆಟ್ ಹಾಕ್ಕೊಂಡು ನಾಲ್ಕನೇ ಸ್ಥಾನಕ್ಕೆ ಬಂದ್ರು.

ಕೊನೇಗೇರ್:
ಅಬ್ಬಾ. ನಾನೇನೋ ಲ್ಯಾಪ್ ಟೈಮ್ ಕೇಳಿದ್ರೆ ಮಹಾಭಾರತಾನೇ ಬಂತು, ಓದ್ತಾ ಓದ್ತಾ ರಾತ್ರಿ ಒಂದೂವರೆ ಆಯ್ತು. ಆದ್ರೂ ನನ್ನ ಪ್ರಶ್ನೆ ಅರ್ಧ ಉಳೀತು, ಈಗ ಕಂಪನಿಗಳು ಹೇಳೋ ಟೈಮು ನಂಬ್ಬಹುದಾ? ಎರಡೆರಡು ನಂಬರ್ ಕಾಣ್ಸುತ್ತೆ ಒಂದೇ ಕಾರಿಗೆ.

ಸಿಮ್‌ಪುರಾಣ:
ಒಳ್ಳೇ ಪ್ರಶ್ನೆ. ಹಿಂದೆ ಸ್ಟಾರ್ಟ್ ಗೆರೆ ಒಂದು ಕಡೆ, ಫಿನಿಶ್ ಗೆರೆ ಇನ್ನೊಂದು ಕಡೆ ಇಟ್ಟು ಮಧ್ಯದ ಇನ್ನೂರು ಚಿಲ್ಲರೆ ಮೀಟರ್ ಬಿಟ್ಟು ಅಳೀತಿದ್ರು, ಅದಕ್ಕೆ 20.6 ಕಿಲೋಮೀಟರ್ ಅಂತ ಲೆಕ್ಕ. 2019ರಿಂದ ಅಧಿಕೃತ ಅಂದ್ರೆ ಪೂರ್ತಿ ಸುತ್ತು, 20.832. ಉದಾಹರಣೆಗೆ ಮರ್ಸಿಡಿಸ್ ಎಎಂಜಿ ಒನ್ 2022ರಲ್ಲಿ ಓಡಿದಾಗ 20.6ಕ್ಕೆ 6:30.705, ಪೂರ್ತಿಗೆ 6:35.183. ಒಂದೇ ಓಟ, ನಾಲ್ಕೂವರೆ ಸೆಕೆಂಡ್ ವ್ಯತ್ಯಾಸ! 2024ರಲ್ಲಿ ಅದೇ ಮಾಡೆಲ್ ಪೂರ್ತಿ ಸುತ್ತನ್ನೇ 6:29.090ಕ್ಕೆ ಇಳಿಸ್ತು. ಹಳೇ ಕಾರಿನ ಟೈಮು ಹೊಸ ಕಾರಿನ ಟೈಮು ಪಕ್ಕಪಕ್ಕ ಇಟ್ಟು ಜಗಳ ಆಡೋ ಮುಂಚೆ ಯಾವ ಉದ್ದ ಅಂತ ನೋಡ್ಬೇಕು, ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಟೈರ್ ಯಾವುದು, ಆವತ್ತು ಬಿಸಿಲೆಷ್ಟು, ಇದೆಲ್ಲ ಬೇರೆ.

ಆದ್ರೆ ನನ್ನ ಪ್ರಕಾರ ಅಸಲಿ ಟೈಮು ಎರಡೇ. 1983ರ ಮೇ 28, ಸ್ಟೆಫಾನ್ ಬೆಲ್ಲೋಫ್, ಪೋರ್ಷೆ 956, 1000 ಕಿಲೋಮೀಟರ್ ರೇಸಿನ ಕ್ವಾಲಿಫೈಯಿಂಗು, 6:11.13. ಸರಾಸರಿ 202 ಕಿಲೋಮೀಟರ್. 25 ವರ್ಷದ ಹುಡುಗ. ಮಾರನೇ ದಿನ ರೇಸಲ್ಲಿ ಲೀಡಲ್ಲಿದ್ದಾಗ ಪ್ಫ್ಲಾನ್ಸ್‌ಗಾರ್ಟೆನಲ್ಲಿ ಕಾರು ಪುಡಿ ಮಾಡ್ಕೊಂಡು ಆರಾಮಾಗಿ ನಡ್ಕೊಂಡು ಬಂದ. ಎರಡು ವರ್ಷದ ಮೇಲೆ ತೀರ್ಕೊಂಡಿದ್ದು ಸ್ಪಾದಲ್ಲಿ, ಬ್ರೇಕ್‌ಪಾಯಿಂಟ್ ಅವ್ರು ಸೇಫ್ ಅಂತ ತೋರಿಸಿದ ಕತ್ತರಿಸಿದ ಸ್ಪಾದಲ್ಲೇ. ಆ 6:11 ಮೂವತ್ತೈದು ವರ್ಷ ಯಾರ ಕೈಗೂ ಸಿಗ್ಲಿಲ್ಲ. 2018ರ ಜೂನ್ 29ಕ್ಕೆ ಟಿಮೋ ಬೆರ್ನ್‌ಹಾರ್ಟ್ ಪೋರ್ಷೆ 919 ಹೈಬ್ರಿಡ್ ಇವೋದಲ್ಲಿ 5:19.546. ಅದು ಯಾವ ರೇಸಿನ ರೂಲ್ಸಿಗೂ ಸಿಗದ, ಎಲ್ಲ ಮಿತಿ ಬಿಚ್ಚಿ ಮಾಡಿದ ಕಾರು, ವಿಡಿಯೋ ನೋಡಿದ್ರೆ ಫಾಸ್ಟ್ ಫಾರ್ವರ್ಡ್ ಮಾಡಿದಂಗಿರುತ್ತೆ. ಹಂಗಾಗಿ ನಂಗೆ ಇವತ್ತಿಗೂ ಬೆಲ್ಲೋಫ್‌ದೇ ದೊಡ್ಡದು.

ಬ್ರೇಕ್‌ಪಾಯಿಂಟ್:
ಸ್ಪಾ ಏಟು ಬಿತ್ತು, ಒಪ್ಕೊಂಡೆ 😄

ಎಡಬದಿ:
ಬಹಳ ದಿನದಿಂದ ಸುಮ್ನೆ ಓದ್ತಿದ್ದೆ, ಇದಕ್ಕೆ ಬರೀಲೇಬೇಕು ಅನ್ನಿಸ್ತು. ಕೆಲಸದ ಮೇಲೆ ಜರ್ಮನಿಲಿ ಎರಡು ವರ್ಷ ಇದ್ದೆ, ಅಲ್ಲಿ ಟೂರಿಸ್ಟೆನ್‌ಫಾರ್ಟೆನ್ ಅಂತ ಮಾಡ್ತಾರೆ, ಅಂದ್ರೆ ರೇಸು ಟೆಸ್ಟಿಂಗು ಇಲ್ಲದ ಹೊತ್ತಲ್ಲಿ ದುಡ್ಡು ಕೊಟ್ಟು ಯಾರು ಬೇಕಾದ್ರೂ ತಮ್ಮ ಕಾರಲ್ಲಿ ಸುತ್ತಬಹುದು. ಕಾನೂನು ಪ್ರಕಾರ ಅದು ಟೋಲ್ ರೋಡು, ಟ್ರಾಫಿಕ್ ರೂಲ್ಸ್ ಅಪ್ಲೈ ಆಗುತ್ತೆ, ಬಲಗಡೆಯಿಂದ ಓವರ್‌ಟೇಕ್ ಮಾಡಂಗಿಲ್ಲ, ಟೈಮ್ ಅಳೆಯೋದೂ ನಿಷೇಧ. ಬೇಲಿಗೆ ಗುದ್ದಿದ್ರೆ ಬೇಲಿ ರಿಪೇರಿ ಖರ್ಚು ನಮ್ಮ ತಲೆ ಮೇಲೆ. ಹಂಗಾಗಿ ಹಳೇಕಾರ್ಬುರೇಟರ್ ಸಾರ್ ಘಾಟ್ ರಸ್ತೆ ಅಂದಿದ್ದು ಬಾಯಿಮಾತಿಗಲ್ಲ, ಅಲ್ಲಿನ ಕಾನೂನೂ ಅದನ್ನೇ ಹೇಳುತ್ತೆ.

ನಾನು ಫ್ರೆಂಡಿನ ಹ್ಯಾಚ್‌ಬ್ಯಾಕಲ್ಲಿ ಹೋಗಿದ್ದು. ಗೇಟ್ ಹತ್ರ ಬಿಸಿಲು, ಚೆಂದ ಇತ್ತು. ಕೆಳಗೆ ಬ್ರೈಡ್‌ಶೈಡ್ ಸೇತುವೆ ಹತ್ರ ಇಳಿಯೋ ಹೊತ್ತಿಗೆ ರಸ್ತೆ ಒದ್ದೆ. ಮೇಲೆ ಹೋಹೆ ಆಖ್ಟ್ ಕಡೆ ಹತ್ತಿದಾಗ ಮಂಜು. ಒಂದೇ ಲ್ಯಾಪಲ್ಲಿ ಮೂರು ಕಾಲ! ವೈಪರ್ ಹಾಕ್ಲಾ ಬೇಡ್ವಾ ಅಂತ ಯೋಚಿಸ್ತಿದ್ದಾಗ ಹಿಂದೆಯಿಂದ ಒಂದು ಪೋರ್ಷೆ ಲೈಟ್ ಹಾಕ್ತು, ಪಕ್ಕಕ್ಕೆ ಸರಿದೆ, ಹೋಯ್ತು. ಅದರ ಹಿಂದೆ ಒಂದು ಹಳೇ ಫ್ಯಾಮಿಲಿ ಸ್ಟೇಶನ್ ವ್ಯಾಗನ್ನು, ಹಿಂದಿನ ಸೀಟಲ್ಲಿ ಮಗುವಿನ ಖಾಲಿ ಸೀಟು ಕಟ್ಟಿದೆ, ಅದೂ ನನ್ನ ದಾಟ್ಕೊಂಡು ಹೋಯ್ತು. ಆ ಅವಮಾನ ಇನ್ನೂ ಮರ್ತಿಲ್ಲ. ಇಪ್ಪತ್ತು ಕಿಲೋಮೀಟರ್ ಮುಗಿಸಿ ಇಳಿದಾಗ ಕೈ ನಡುಗ್ತಿತ್ತು, ನಾನು ಓಡಿಸಿದ್ದು ಹೆಚ್ಚಂದ್ರೆ ಅಜ್ಜಿ ಸ್ಪೀಡು.

ಮಳೆಟೈರ್:
ಹವಾಮಾನ ಅಂದ್ರೆ ಅಲ್ಲಿನ 24 ಗಂಟೆ ರೇಸು ನೋಡ್ಬೇಕು, 1970ರಿಂದ ನಡೀತಿದೆ, ಈಗ ಹಳೇದು ಹೊಸದು ಎರಡೂ ಸೇರಿಸಿ 25 ಕಿಲೋಮೀಟರ್ ಸುತ್ತು. 2016ರಲ್ಲಿ ಶುರುವಾಗಿ ಒಂದು ಗಂಟೆ ಆಗಿರ್ಲಿಲ್ಲ, ಟ್ರ್ಯಾಕಿನ ಒಂದು ಭಾಗದಲ್ಲಿ ಆಲಿಕಲ್ಲು ಬಿದ್ದು ರಸ್ತೆ ಬೆಳ್ಳಗಾಗಿ ರೇಸ್ ಕಾರುಗಳು ಏರು ಹತ್ತಕ್ಕಾಗದೇ ಚಕ್ರ ತಿರುಗಿಸ್ಕೊಂಡು ನಿಂತಿದ್ವು, ಇನ್ನೊಂದು ಕಡೆ ಒಣಗಿತ್ತು.

ಮತ್ತೆ ಅಜ್ಜಿ ಸ್ಪೀಡು ಅಂದ್ರಲ್ಲ, ಸಬೀನೆ ಶ್ಮಿಟ್ಸ್ ನೆನಪಾದ್ರು. ಅದೇ ನ್ಯೂರ್‌ಬುರ್ಗ್ ಹಳ್ಳಿಲಿ ಹೋಟೆಲ್ ನಡೆಸೋ ಮನೇಲಿ ಬೆಳೆದ ಹುಡುಗಿ. 1996, 1997 ಎರಡು ವರ್ಷನೂ ಬಿಎಂಡಬ್ಲ್ಯೂಲಿ 24 ಗಂಟೆ ರೇಸ್ ಗೆದ್ರು, ಆ ರೇಸ್ ಗೆದ್ದ ಮೊದಲ ಹೆಣ್ಣುಮಗಳು. ಸಾಮಾನು ಸಾಗಿಸೋ ಡೀಸೆಲ್ ವ್ಯಾನಲ್ಲಿ 10 ನಿಮಿಷ 8 ಸೆಕೆಂಡಲ್ಲಿ ಸುತ್ತಿದ್ರು ಬ್ರಿಟಿಷ್ ಟಿವಿಗೆ, ಬೈಕಿನೋರನ್ನ ನೋಡಿ ನಗ್ತಾ. ವ್ಯಾನು ಗುರು, ವ್ಯಾನು! 2021ರಲ್ಲಿ ಕ್ಯಾನ್ಸರಿಂದ ಹೋದ್ರು, 51 ವರ್ಷ ಅಷ್ಟೇ. ಅದೇ ವರ್ಷ ನಾರ್ಡ್‌ಶ್ಲೈಫೆಯ ಮೊದಲ ತಿರುವಿಗೆ ಅವರ ಹೆಸರು ಇಟ್ರು.

ಬ್ರೇಕ್‌ಪಾಯಿಂಟ್:
ಅವರ ವಿಷಯಕ್ಕೆ ನಂದೂ ಸಲಾಂ. ಆದ್ರೆ ದುಡ್ಡಿನ ಕತೆ ಯಾರೂ ಹೇಳ್ಲಿಲ್ಲ. 2009ರ ಸುಮಾರಿಗೆ ಸರ್ಕಾರಿ ದುಡ್ಡು ಸುರಿದು ಮಾಲು, ಹೋಟೆಲು, ಥೀಮ್ ಪಾರ್ಕು ಅಂತ ಕಟ್ಟಿದ್ರು, ರೋಲರ್‌ಕೋಸ್ಟರ್ ಒಂದು ಕೆಲವೇ ದಿನ ಓಡಿ ನಿಂತುಹೋಯ್ತು, 2012ರಲ್ಲಿ ದಿವಾಳಿ, 2014ರಲ್ಲಿ ಮಾರಾಟ. ಜನಕ್ಕೆ ಕೂಲಿ ಕೊಡೋಕೆ ಕಟ್ಟಿದ ಜಾಗನ ಜನರ ದುಡ್ಡಲ್ಲೇ ಮುಳುಗಿಸಿದ್ರು.

ಹಳೇಕಾರ್ಬುರೇಟರ್:
ಅದು ಮಾತ್ರ ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ. ಇಪ್ಪತ್ತು ಕಿಲೋಮೀಟರ್ ರೋಲರ್‌ಕೋಸ್ಟರ್ ಕಣ್ಮುಂದೆ ಇರುವಾಗ ಇನ್ನೊಂದು ಯಾರಿಗೆ ಬೇಕಿತ್ತು ಸ್ವಾಮಿ.

ಕೊನೇಗೇರ್:
ಅಪ್ಡೇಟ್: ಸಿಮ್‌ಪುರಾಣ ಹೇಳಿದ್ದು ಕೇಳಿ ಇವತ್ತು ಫ್ರೆಂಡ್ ಮನೇಲಿ ಸಿಮ್ಯುಲೇಟರಲ್ಲಿ ಕೂತೆ. ಹಾಟ್ಸೆನ್‌ಬಾಖ್ ಪಾಸು. ಫ್ಲೂಗ್‌ಪ್ಲಾಟ್ಸ್ ಪಾಸು, ಹೊಟ್ಟೆ ಜುಂ ಅಂತು. ಫುಕ್ಸ್‌ರೋರೆ ಫುಲ್ ಆಕ್ಸಿಲರೇಟರ್, ನಾನೇ ಫ್ಯಾಂಜಿಯೋ ಅನ್ನಿಸ್ತು. ಮೇಲೆ ಹತ್ತಿದೆ, ರಸ್ತೆ ನೇರ ಕಾಣ್ತು.

ಸಿಮ್‌ಪುರಾಣ:
ಹೇಳಿದ್ನಲ್ಲಪ್ಪಾ 🤦 ಹುಲ್ಲಾ, ಬೇಲಿನಾ?

ಕೊನೇಗೇರ್:
ಮೊದ್ಲು ಹುಲ್ಲು, ಆಮೇಲೆ ಬೇಲಿ.